ತಬುತಾನಿಯ ಗಂಟಲು

ಫೆಬ್ರವರಿ 11, 2019, ಸೋಮವಾರ

ಇವತ್ತು ಆರು ಜನರ ಗಂಟಲಿಗೆ ಕ್ಯಾಮೆರಾ ಕೊಳವೆ ಇಳಿಸಿ ಸ್ಕೋಪ್ ಮಾಡಿದ್ದಾಯಿತು. ಆರರಲ್ಲಿ ನಾಲ್ವರದು ಗಂಟಲ ರೋಗ. ಅನ್ನನಾಳದ ಕ್ಯಾನ್ಸರ್ ಎಂದು ನಾವು ಕಾಗದದಲ್ಲಿ ಬರೆಯುತ್ತೇವೆ ಅಷ್ಟೇ. ನೈರೋಬಿಯಿಂದ ದೂರದ ಈ ಬೊಮೆಟ್ ಸೀಮೆಯಲ್ಲಿ ಗಂಟಲ ರೋಗ ಎಂದರೆ ಮಕ್ಕಳಿಗೂ ಗೊತ್ತು. ಒಬ್ಬರನ್ನಾದರೂ ಕಳೆದುಕೊಳ್ಳದ ಮನೆ ಇಲ್ಲ. ಆದರೂ ಹಾಲೂ ಇಳಿಯದ ಹಾಗಾಗುವವರೆಗೆ ಒಬ್ಬರೂ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಸೊಟಿಕ್ ಕಡೆಯ ಮುದುಕರೊಬ್ಬರ ಇಬ್ಬರು ಗಂಡುಮಕ್ಕಳನ್ನು ಹೊರಗೆ ಕರೆದು ಕೇಳಿದೆ.

"ನಿಮ್ಮಪ್ಪ ಉಗಾಲಿ ಬಿಟ್ಟು ಎಷ್ಟು ದಿನ ಆಯ್ತು?"

"ಒಂದ್ ಆರು ತಿಂಗ್ಳು ಇರ್ಬೋದು ಸಿಸ್ಟರ್."

"ಆರು ತಿಂಗ್ಳು! ಹಸು ಒಂದು ಹೊತ್ತು ಮೇವು ಬಿಟ್ರೆ ಓಡೋಗಿ ಡಾಕ್ಟ್ರನ್ನ ಕರ್ಕೊಂಡು ಬರ್ತೀರಿ. ಅಪ್ಪ ಉಗಾಲಿ ಮುದ್ದೆ ಬಿಟ್ರೆ ಏನು ನೋಡ್ತಾ ಕೂತಿದ್ರಿ?"

"ಅವ್ರೇ ಬರಲ್ಲ ಅಂದ್ಬಿಟ್ರು."

"ಅವ್ರು ಅಂತಾರೆ. ಎತ್ತಾಕ್ಕೊಂಡು ಬರೋಕೆ ನಿಮ್ಗೆ ಕೈ ಇರ್ಲಿಲ್ವಾ? ಈಗ ಜಾಲರಿ ಕೊಳವೆ ಹಾಕ್ತೀವಿ, ಒಂದಷ್ಟು ದಿನ ಗಂಜಿ ಕುಡೀತಾರೆ. ಅದಕ್ಕಿಂತ ಜಾಸ್ತಿ ಆಸೆ ಇಟ್ಕೋಬೇಡಿ."

ಒಳಗೆ ಬಂದಾಗ ಡಾಕ್ಟರ್ ನ್ಯಾಬೊಕೆ ಕೈಗವಸು ಕಳಚುತ್ತಾ, "ಸಿಸ್ಟರ್ ಜೋಯ್ಲಿನ್, ನಿಮ್ಮ ನಾಲಿಗೆ ನನ್ನ ಕತ್ತರಿಗಿಂತ ಹರಿತ ಕಣ್ರಿ" ಎಂದರು. ಅವರು ಕಿಸೀ ಕಡೆಯವರು, ಬಂದು ಒಂದು ವರ್ಷವಾಯಿತು ಅಷ್ಟೇ. ಈ ಕೋಣೆಯಲ್ಲಿ ನನಗೆ ಹದಿನೇಳು ವರ್ಷ. ರೋಗಿಯ ಮನೆಯವರಿಗೆ ಒಂದೇ ಒಂದು ಸುಳ್ಳು ಹೇಳಿದವಳಲ್ಲ. ಸಿಹಿ ಮಾತಾಡಿ ಕಳುಹಿಸಿದರೆ ಮುಂದಿನವರೂ ಆರು ತಿಂಗಳು ಬಿಟ್ಟೇ ಬರುತ್ತಾರೆ.

ಶನಿವಾರ ನನ್ನ ಸೋದರತ್ತೆ ತಪ್ಕಿಗೆನ್ ಬಂದಿದ್ದಾರೆ. ಎರಡು ಕಣ್ಣಿಗೂ ಪೊರೆ. ಕಣ್ಣಿನ ಡಾಕ್ಟರು ನಮ್ಮ ಆಸ್ಪತ್ರೆಗೆ ತಿಂಗಳಿಗೊಂದು ಸಲ ಬರುವುದರಿಂದ ಅಲ್ಲಿಯವರೆಗೆ ನಮ್ಮ ಮನೆಯಲ್ಲೇ ಇರುತ್ತಾರೆ.

ಮಧ್ಯಾಹ್ನ ತಲೆನೋವಿನ ಮಾತ್ರೆ ಗಂಟಲಲ್ಲೇ ಕೂತಿತು. ಮೂರು ಲೋಟ ನೀರು ಬೇಕಾಯಿತು.

ಫೆಬ್ರವರಿ 14, ಗುರುವಾರ

ಅತ್ತೆಗೆ ಕಣ್ಣು ಕಾಣುವುದಿಲ್ಲವಾದರೂ ಕಿವಿ ಮಾತ್ರ ಇಡೀ ಮನೆಯ ಮೇಲಿರುತ್ತದೆ. ರಾತ್ರಿ ಊಟಕ್ಕೆ ಕೂತಿದ್ದೆವು. ನನ್ನ ಗಂಡ ಹೆಜ್ರನ್ ಚಹಾ ಸೊಪ್ಪಿನ ಲಾರಿ ಕೆಟ್ಟು ನಿಂತ ಕಥೆ ಹೇಳುತ್ತಿದ್ದರು. ಅತ್ತೆ ತಟ್ಟನೆ ಕೈ ಎತ್ತಿದರು.

"ಹೆಜ್ರನ್, ಸ್ವಲ್ಪ ಸುಮ್ನಿರಪ್ಪ. ಜೋಯ್ಲಿನ್, ಇನ್ನೊಂದ್ಸಲ ನುಂಗು."

"ಏನತ್ತೆ ಅದು, ನುಂಗೋದ್ರಲ್ಲಿ ಏನು ನೋಡೋಕಿದೆ?"

"ನೋಡೋಕೆ ನಂಗೆಲ್ಲಿ ಕಣ್ಣಿದೆ? ಕೇಳಿಸ್ಕೋತೀನಿ. ನುಂಗು."

ನುಂಗಿದೆ. ಅವರು ತಟ್ಟೆ ಪಕ್ಕಕ್ಕೆ ಸರಿಸಿ, "ನಮ್ಮವ್ವನ ಸದ್ದು" ಎಂದರು. ಆಮೇಲೆ ಊಟ ಮಾಡಲಿಲ್ಲ.

ಅವರ ಅವ್ವ ಎಂದರೆ ನನ್ನ ಅಜ್ಜಿ, ತಬುತಾನಿ. ನಾನು ಹುಟ್ಟುವ ಹತ್ತು ವರ್ಷ ಮೊದಲೇ ಗಂಟಲು ಕಟ್ಟಿ ಸತ್ತವಳು. ನಾನು ಹುಟ್ಟಿದ ದಿನ ಹೆಂಗಸರು ಸುತ್ತ ಕೂತು ತೀರಿಹೋದವರ ಹೆಸರುಗಳನ್ನು ಒಂದೊಂದಾಗಿ ಕರೆದರಂತೆ. ಯಾರ ಹೆಸರಿಗೂ ನಾನು ಅಲುಗಾಡಲಿಲ್ಲ. ತಬುತಾನಿ ಎಂದ ಕೂಡಲೇ ಸೀನಿದೆ. ಆ ಹೆಸರು ಕರೆದವರು ಇದೇ ಅತ್ತೆ. ಬಂದವಳು ಅಜ್ಜಿಯೇ ಎಂದು ತೀರ್ಮಾನವಾಯಿತು. ಕಾಗದಪತ್ರದಲ್ಲಿ ಇಲ್ಲದ ಹೆಸರು ಅದು, ಮನೆಯೊಳಗಿನದು. ಚಿಕ್ಕಂದಿನಲ್ಲಿ ನಾನು ಎಲ್ಲರಿಗಿಂತ ಕೊನೆಗೆ ಊಟ ಮುಗಿಸುತ್ತಿದ್ದೆ. ಆಗೆಲ್ಲ ಅವ್ವನೂ ಅತ್ತೆಯೂ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ನಾನು ನರ್ಸು. ಸೀನಿನಿಂದ ರೋಗ ಬರುವುದಿಲ್ಲ ಎಂದು ಚೆನ್ನಾಗಿ ಗೊತ್ತು.

ಫೆಬ್ರವರಿ 20, ಬುಧವಾರ

ಇಳಿಯುವುದು: ಗಂಜಿ, ಬಾಳೆಹಣ್ಣು, ಹಾಲಲ್ಲಿ ನೆನೆಸಿದ ಬ್ರೆಡ್ಡು, ಬುರುಡೆಯಲ್ಲಿ ಹುಳಿ ಬಂದ ಹಾಲು ಮುರ್ಸಿಕ್. ಇಳಿಯದಿರುವುದು: ಮಾಂಸ, ಒಣ ಉಗಾಲಿ, ಚಪಾತಿಯ ಅಂಚು.

ಕತ್ತು ಎಡಕ್ಕೆ ತಿರುಗಿಸಿ ಭುಜ ಎತ್ತಿದರೆ ಉಗಾಲಿಯೂ ಇಳಿಯುತ್ತದೆ.

ಮಾರ್ಚ್ 2, ಶನಿವಾರ

ಹೆಜ್ರನ್ ಅಂಗಳದಲ್ಲಿ ನಿಂತು ನಾಯಿಯನ್ನು ದಿಟ್ಟಿಸುತ್ತಿದ್ದರು.

"ಲೇ ಜೋಯ್ಲಿನ್, ಇದೇನು ನಾಯಿ ಹಂದಿ ಥರ ಊದ್ಕೊಂಡಿದೆ? ನೀನು ನೋಡಿದ್ರೆ ಬೇಲಿ ಕಡ್ಡಿ ಆಗಿದ್ದೀಯ. ನಿನ್ನ ಪಾಲು ಅದೇ ತಿಂತಿದ್ಯಾ?"

"ಆಸ್ಪತ್ರೇಲಿ ಕೆಲ್ಸ ಜಾಸ್ತಿ ರೀ. ಹಸಿವೇ ಆಗಲ್ಲ."

"ನಾಯಿಗೆ ಕೆಲ್ಸ ಕಮ್ಮಿ ಅನ್ನು."

ನಕ್ಕರು. ನಾನೂ ನಕ್ಕೆ. ಇವರಿಗೆ ಹೇಳಿದರೆ ನಾಳೆಯೇ ಕೆರಿಚೊದಿಂದ ಅವರ ಅಣ್ಣಂದಿರೆಲ್ಲ ಬಂದು ಅಂಗಳದಲ್ಲಿ ಕೂರುತ್ತಾರೆ. ಪಾದ್ರಿ ಬರುತ್ತಾರೆ. ಹೆಂಗಸರು ನನ್ನ ಅಡುಗೆಮನೆಗೆ ನುಗ್ಗಿ ಗಂಜಿ ಕಾಯಿಸುತ್ತಾ ಮೆಲ್ಲಗೆ ಮಾತಾಡುತ್ತಾರೆ. ಗಂಟಲ ರೋಗದ ಮನೆ ಹೇಗಿರುತ್ತದೆಂದು ನನಗೆ ಗೊತ್ತು. ರೋಗಿ ಇನ್ನೂ ಓಡಾಡುತ್ತಿರುವಾಗಲೇ ಎಲ್ಲರೂ ಅವರ ವಿಷಯವನ್ನು ತೀರಿಹೋದವರ ವಿಷಯದಂತೆ ಮಾತಾಡಲು ಶುರು ಮಾಡಿರುತ್ತಾರೆ.

ಆಸ್ಪತ್ರೆಯಲ್ಲೂ ಹೇಳುವ ಹಾಗಿಲ್ಲ. ಲ್ಯಾಬಿನ ಹುಡುಗಿ ಹೆಜ್ರನ್‌ಗೆ ತಂಗಿಯಾಗಬೇಕು. ನೋಂದಣಿಯವನು ನಮ್ಮ ಚರ್ಚಿನವನು. ಗೇಟಿನ ಕಾವಲುಗಾರ ನನ್ನ ಅಣ್ಣನ ಜೊತೆ ಓದಿದವನು.

ಮಾರ್ಚ್ 5, ಮಂಗಳವಾರ

ನನ್ನ ವಯಸ್ಸಿನ ಹೆಂಗಸು, ನಲವತ್ತಾರು. ಟೀಚರ್ ಅಂತೆ, ನೀಟಾಗಿ ಬಟ್ಟೆ ಹಾಕಿಕೊಂಡು ಕೈಚೀಲದಲ್ಲಿ ಕರವಸ್ತ್ರ ಮಡಿಸಿಟ್ಟುಕೊಂಡು ಬಂದಿದ್ದರು. ನಾನು ಅವರ ತಲೆ ಹಿಡಿದುಕೊಂಡೆ. "ಮೂಗಲ್ಲಿ ಉಸಿರಾಡಿ, ಜೊಲ್ಲು ನುಂಗ್ಬೇಡಿ, ಹೊರಗೆ ಬಿಡಿ" ಎಂದು ಎಂದಿನಂತೆ ಹೇಳಿದೆ. ಪರದೆಯ ಮೇಲೆ ನಮಗೆ ಅಭ್ಯಾಸವಾದ ಅದೇ ಹುಣ್ಣು, ಅದೇ ಬೂದು ಬಣ್ಣ. ಆ ಹೆಂಗಸು ಪರದೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ನನ್ನ ಮುಖದಲ್ಲಿ ಏನೂ ಕಾಣಬಾರದೆಂದು ಎಷ್ಟು ಕಷ್ಟಪಟ್ಟೆನೆಂದರೆ ಸಂಜೆಯವರೆಗೂ ದವಡೆ ನೋಯುತ್ತಿತ್ತು.

ಹೊರಗೆ ಗಂಡ ಕಾಯುತ್ತಿದ್ದ. ಎಷ್ಟು ತಿಂಗಳಾಯಿತು ಎಂದು ಕೇಳುವುದು ಮರೆತುಹೋಯಿತು. ಅವನಿಗೆ ಕುರ್ಚಿ ತಂದುಕೊಟ್ಟೆ.

ಮಾರ್ಚ್ 13, ಬುಧವಾರ

ಡಾಕ್ಟರ್ ನ್ಯಾಬೊಕೆ ಚಹಾದ ಹೊತ್ತಿನಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸಿಸ್ಟರ್, ಬಹಳ ಇಳ್ದೋಗಿದ್ದೀರಿ."

"ಚರ್ಚಿನ ಉಪವಾಸ ಡಾಕ್ಟ್ರೇ."

ಸ್ಕೋಪ್ ತೊಳೆಯುತ್ತಿದ್ದ ಫಿಲೆಮೋನ್ ಬಾಯಿ ಹಾಕಿದ. ಹತ್ತು ವರ್ಷದಿಂದ ನನ್ನ ಜೊತೆ ಇದೇ ಕೋಣೆಯಲ್ಲಿರುವ ಸಹಾಯಕ. ನನ್ನ ಬೈಗುಳಕ್ಕೆ ಹೆದರದ ಒಬ್ಬನೇ ಮನುಷ್ಯ. "ಅದ್ಯಾವ ಚರ್ಚು ಸಿಸ್ಟರ್, ಅರ್ಧ ನಿಮ್ಮನ್ನೇ ತಿಂದ್ಬಿಟ್ಟಿದೆ? ಹೇಳಿ, ನಮ್ಮ ಅತ್ತೇನ ಅಲ್ಲಿಗೆ ಸೇರಿಸ್ತೀನಿ."

ಎಲ್ಲರೂ ನಕ್ಕರು. ಡಾಕ್ಟರ್ ಮಾತ್ರ ನಗಲಿಲ್ಲ.

ಸ್ಕೋಪ್ ನನ್ನಿಂದ ಎರಡೇ ಹೆಜ್ಜೆ ದೂರದಲ್ಲಿ ಕೊಕ್ಕೆಗೆ ನೇತಾಡುತ್ತಿತ್ತು. ಒಂದು ಮಾತು ಹೇಳಿದರೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ಹತ್ತು ಮೈಲಿ ನಡೆದು ಬರುವ ಮುದುಕರಿಗೆ ಯಾಕೆ ತಡ ಮಾಡಿದಿರಿ ಎಂದು ಬೈಯುತ್ತೇನೆ. ನನಗೆ ಎರಡು ಹೆಜ್ಜೆ ಆಗುತ್ತಿಲ್ಲ.

ಅತ್ತೆಯನ್ನು ಕಣ್ಣಿನ ಡಾಕ್ಟರು ಈ ತಿಂಗಳು ವಾಪಸು ಕಳುಹಿಸಿದ್ದಾರೆ. ರಕ್ತದೊತ್ತಡ ಜಾಸ್ತಿ ಇದೆಯಂತೆ. ಇನ್ನೊಂದು ತಿಂಗಳು ಇಲ್ಲೇ.

ಮಾರ್ಚ್ 17, ಭಾನುವಾರ

ಬೆಳಿಗ್ಗೆ ಅಡುಗೆಮನೆಗೆ ಹೋದರೆ ನನ್ನ ಮುರ್ಸಿಕ್ ಬುರುಡೆ ಇರಲಿಲ್ಲ. ನಮ್ಮ ಹಾಲಿನ ಸೋರೆಬುರುಡೆಗಳು ಒಲೆಯ ಹಿಂದಿನ ಗೋಡೆಗೆ ಸಾಲಾಗಿ ತೂಗುತ್ತವೆ. ನನ್ನದು ಬಾಗಿಲ ಬಳಿ ಬೇರೆ ಮೊಳೆಯಲ್ಲಿ ಒಂಟಿಯಾಗಿ ತೂಗುತ್ತಿತ್ತು. ತಡಕಾಡಿಕೊಂಡು ಹೋಗಿ ಅತ್ತೆಯೇ ಹಾಕಿದ್ದರು.

ಸಿಟ್ಟು ನೆತ್ತಿಗೇರಿತು. "ಅತ್ತೆ, ಏನಿದು? ನಾನಿನ್ನೂ ಬದುಕಿದ್ದೀನಿ. ಅದು ಅಂಟು ರೋಗ ಅಲ್ಲ ಅಂತ ಊರೆಲ್ಲ ಹೇಳ್ಕೊಂಡು ಬಂದವ್ಳು ನಾನು."

"ಅದು ಅಂದ್ಯಲ್ಲ" ಎಂದರು ಅತ್ತೆ. "ನಿಂಗೂ ಗೊತ್ತು ಹಂಗಾದ್ರೆ."

ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಷ್ಟು ವರ್ಷ ಹೇಳದಿದ್ದುದನ್ನು ಹೇಳಿದರು.

"ನಂಗೆ ಹಾಲುಹಲ್ಲು ಬೀಳೋ ವಯಸ್ಸು. ಅವ್ವ ಮಾಂಸ ಬಿಟ್ಲು. ಆಮೇಲೆ ಮುದ್ದೆ ಬಿಟ್ಲು. ಹಿರೀರು ಕೂತು ಗಂಟಲ ರೋಗ ಅಂದ್ರು. ಅಪ್ಪ ಜೋಳದ ಹೊಲದ ಪಕ್ಕ ಒಂದು ಸಣ್ಣ ಗುಡ್ಲು ಹಾಕ್ಸಿದ್ರು. ಅವಳ ಬುರುಡೆ ಬೇರೆ, ಅವಳ ಬಟ್ಲು ಬೇರೆ. ಹೊತ್ತೊತ್ತಿಗೆ ಹಾಲು, ತಿಳಿಗಂಜಿ ತಗೊಂಡು ಹೋಗೋದು ನನ್ನ ಕೆಲ್ಸ. ಗಟ್ಟಿ ಏನೂ ಕೊಡ್ಬಾರ್ದು, ಕೊಟ್ರೆ ಸಿಕ್ಕಾಕ್ಕೊಂಡು ಸಾಯ್ತಾಳೆ ಅಂತ ಅಪ್ಪನ ಅಪ್ಪಣೆ. ಒಂದಿನ ಕೈ ಹಿಡ್ಕೊಂಡು ಕೇಳಿದ್ಲು ಕಣೆ. ಹೆಬ್ಬೆಟ್ಟಿನಷ್ಟು ಉಗಾಲಿ ಕೊಡು ಮಗ, ಬಾಯಲ್ಲಿ ಇಟ್ಕೊಂಡು ಉಗುಳ್ಬಿಡ್ತೀನಿ, ರುಚಿ ಮರ್ತೋಗಿದೆ ಅಂತ. ನಾನು ಕೈ ಕಿತ್ಕೊಂಡು ಓಡ್ಬಂದೆ."

"ಆಮೇಲೆ?"

"ನನ್ನ ಮದ್ವೆ ಮಾತು ಬಂದ ವರ್ಷ ಮಳೆ ಬರ್ಲಿಲ್ಲ. ಹಸುಗಳು ಬತ್ತಿಹೋದ್ವು. ಹಾಲೂ ಇಲ್ಲ. ಹೋದ್ಲು."

ಅತ್ತೆ ಅಳಲಿಲ್ಲ. ಬಾಗಿಲ ಬಳಿಯ ಮೊಳೆಯ ಕಡೆಗೆ ಮುಖ ಮಾಡಿಕೊಂಡು ಕೂತರು. ಬುರುಡೆಯನ್ನು ತೆಗೆದು ಒಲೆಯ ಹಿಂದೆ ಹಾಕಬೇಕೆಂದು ಎದ್ದೆ. ಹಾಕಲಿಲ್ಲ. ಒಂದು ವೇಳೆ ಹೆಜ್ರನ್ ಅದರಲ್ಲೇ ಕುಡಿದರೆ ಎಂದು ತಲೆಗೆ ಬಂತು. ಅಂಟುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದವಳ ತಲೆಗೆ.

ಮಾರ್ಚ್ 22, ಶುಕ್ರವಾರ

ಉಗಾಲಿ ಈಗ ಯಾವ ಕಡೆ ಕತ್ತು ತಿರುಗಿಸಿದರೂ ಇಳಿಯುವುದಿಲ್ಲ.

ಮಾರ್ಚ್ 29, ಶುಕ್ರವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು.

ಔಷಧಿ ವಿಭಾಗದ ಹಿರಿಯರು ನಿವೃತ್ತರಾದರು. ಆಸ್ಪತ್ರೆಯ ಅಂಗಳದಲ್ಲಿ ಆಡು ಸುಟ್ಟಿದ್ದರು. ನಾನು ತಟ್ಟೆ ಹಿಡಿದು ಸೊಪ್ಪು ಕೆದಕುತ್ತಾ ನಿಂತಿದ್ದೆ. ನಿವೃತ್ತರಾದವರೇ ಬಂದು ತಮ್ಮ ಕೈಯಾರೆ ಒಂದು ತುಂಡು ಕತ್ತರಿಸಿ, "ತಗೋ ಜೋಯ್ಲಿನ್, ನಿನ್ನ ಬೈಗುಳ ಇನ್ಮೇಲೆ ಕೇಳೋಕಾಗಲ್ಲ, ಅದೊಂದೇ ನಂಗೆ ದುಃಖ" ಎಂದು ಬಾಯಿಗೇ ಹಿಡಿದರು. ಎಲ್ಲರೂ ನೋಡುತ್ತಿದ್ದರು. ಬೇಡ ಎನ್ನಲು ಆಗಲಿಲ್ಲ. ಎಷ್ಟು ಅಗಿಯಬೇಕೋ ಅಷ್ಟು ಅಗಿದೆ.

ಮೇಲೆಯೇ ನಿಂತಿತು. ನೀರು ಕುಡಿದರೆ ನೀರೂ ವಾಪಸು ಬಂತು. ಬಟ್ಟೆ ಒಗೆಯುವ ಕಟ್ಟೆಯ ಹಿಂದೆ ಹೋಗಿ ಬಗ್ಗಿದೆ. ಜೊಲ್ಲು ಸುರಿಯುತ್ತಿತ್ತು, ಎದೆಯ ಮೇಲೆ ಕಲ್ಲು ಇಟ್ಟ ಹಾಗಿತ್ತು. ಇಲ್ಲೇ ಸತ್ತರೆ ಒಳ್ಳೆಯದು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಹಾಗೆಯೇ ಅಂದುಕೊಂಡೆ.

ಬೆನ್ನ ಮೇಲೆ ಕೈ ಬಿತ್ತು. ಡಾಕ್ಟರ್ ನ್ಯಾಬೊಕೆ.

"ಎಷ್ಟು ತಿಂಗ್ಳಿಂದ ಸಿಸ್ಟರ್?"

ಅವರು ಉತ್ತರಕ್ಕೆ ಕಾಯಲಿಲ್ಲ. "ಏಳಿ. ನಿಮ್ಮ ಕೋಣೆಗೇ ಹೋಗೋದು" ಎಂದರು.

ಹದಿನೇಳು ವರ್ಷ ನಾನು ಒರೆಸಿದ ಮೇಜಿನ ಮೇಲೆ ನನ್ನನ್ನೇ ಎಡಮಗ್ಗುಲಿಗೆ ಮಲಗಿಸಿದರು. ಫಿಲೆಮೋನ್ ನನ್ನ ತಲೆ ಹಿಡಿದುಕೊಂಡ. "ಮೂಗಲ್ಲಿ ಉಸಿರಾಡಿ ಸಿಸ್ಟರ್. ಜೊಲ್ಲು ನುಂಗ್ಬೇಡಿ, ಹೊರಗೆ ಬಿಡಿ. ನಾನಿದ್ದೀನಿ." ಕೊನೆಯ ಆ ಮಾತನ್ನು ನಾನು ಯಾವ ರೋಗಿಗೂ ಹೇಳಿದವಳಲ್ಲ. ಕಣ್ಣು ಪರದೆಯ ಕಡೆ ಹೋಗಲಿಲ್ಲ. ನಾನು ಫಿಲೆಮೋನ್‌ನ ಮುಖವನ್ನೇ ನೋಡುತ್ತಿದ್ದೆ. ಪಾಪ, ಅವನಿಗೆ ಮುಖ ಮುಚ್ಚಿಟ್ಟುಕೊಳ್ಳಲು ಬರುವುದಿಲ್ಲ.

ಮಾರ್ಚ್ 30, ಶನಿವಾರ

ಸಿಕ್ಕಿಕೊಂಡಿದ್ದ ಆಡಿನ ಮಾಂಸದ ತುಂಡನ್ನು ನಿನ್ನೆಯೇ ತೆಗೆದರು. ಅನ್ನನಾಳದ ಮೇಲ್ತುದಿಯಲ್ಲಿ, ಕತ್ತಿನ ಬುಡದಲ್ಲಿ, ಕೆಂಪಗೆ ಒಂದು ಗಂಟು ಇದೆಯಂತೆ. ಅದರ ಕೆಳಗೆ ನಾಳ ಉಂಗುರದ ಹಾಗೆ ಬಿಗಿದುಕೊಂಡಿದೆ. ಗಂಟಿನಿಂದ ನಾಲ್ಕು ಚೂರು ತೆಗೆದಿದ್ದಾರೆ. ನೈರೋಬಿಗೆ ಹೋಗಿ ವರದಿ ಬರಲು ಎರಡು ವಾರ.

"ಅದೇ ತಾನೇ ಡಾಕ್ಟ್ರೇ?" ಎಂದೆ.

"ಗೊತ್ತಿಲ್ಲ."

"ನನ್ಹತ್ರ ಹಾಗೆ ಹೇಳ್ಬೇಡಿ. ನಾನು ಎಷ್ಟು ನೋಡಿದ್ದೀನಿ."

"ನಾನೂ ನೋಡಿದ್ದೀನಿ ಸಿಸ್ಟರ್, ಅದಕ್ಕೇ ಗೊತ್ತಿಲ್ಲ ಅಂತಿರೋದು. ಇದು ಅದರ ಹಾಗೆ ಕಾಣ್ತಿಲ್ಲ."

ಸಮಾಧಾನಕ್ಕೆ ಹೇಳುತ್ತಾರೆ. ಬೇರೆ ಊರಿನವರು, ಮೆತ್ತಗೆ ಮಾತಾಡುತ್ತಾರೆ.

ಫಿಲೆಮೋನ್ ಶೀಶೆಯ ಮೇಲೆ ಹೆಸರು ಬರೆಯಲು ಪೆನ್ನು ಹಿಡಿದು ನಿಂತಿದ್ದ. ಜೋಯ್ಲಿನ್ ಎಂದು ಬರೆದರೆ ಸಂಜೆಯೊಳಗೆ ಹೆಜ್ರನ್ ಕಿವಿಗೆ ಬೀಳುತ್ತದೆ. ಕಾಗದದ ಮೇಲೆ ಎಂದೂ ಬರೆಯದ ಹೆಸರು ಒಂದೇ ಒಂದು ನನ್ನ ಹತ್ತಿರ ಇತ್ತು. "ತಬುತಾನಿ ಅಂತ ಬರಿ" ಎಂದೆ. ಅವನು ಬರೆದ. ಯಾರು ಎಂದು ಕೇಳಲಿಲ್ಲ.

ಏಪ್ರಿಲ್ 3, ಬುಧವಾರ

ಮಳೆ ಶುರುವಾಯಿತು. ಫಿಲೆಮೋನ್ ಹತ್ತು ಗಂಟೆಗೆ ಒಂದು ಲೋಟ ಗಂಜಿ ತಂದು ಔಷಧಿ ಬೀರುವಿನ ಹಿಂದೆ ಇಟ್ಟು ಹೋಗುತ್ತಾನೆ. ಅವನು ಆ ಕಡೆ ಹೋದ ಮೇಲೆ ಕುಡಿಯುತ್ತೇನೆ.

ಏಪ್ರಿಲ್ 9, ಮಂಗಳವಾರ

ಐದು ಸ್ಕೋಪ್. ಮೂವರದು ಅದೇ. ಒಬ್ಬಳ ಮಗಳು ಕಾರಿಡಾರಿನ ಬೆಂಚಿನಲ್ಲಿ ಕೂತು, "ಅಮ್ಮಂಗೆ ಏನು ಕೊಡ್ಲಿ ಸಿಸ್ಟರ್?" ಎಂದಳು. ಪಕ್ಕದಲ್ಲಿ ಕೂತೆ. ಯಾವುದನ್ನು ಹೇಗೆ ನೆನೆಸಬೇಕು, ಎಷ್ಟು ಬಿಸಿ ಇರಬೇಕು, ಕತ್ತು ಹೇಗೆ ತಿರುಗಿಸಬೇಕು ಎಲ್ಲ ಹೇಳಿದೆ. "ಒಂದ್ಸಲ ಕೇಳಿದ್ರೆ ಬಾಯಲ್ಲಿ ಇಟ್ಕೊಂಡು ಉಗುಳೋಕಾದ್ರೂ ಒಂದು ತುತ್ತು ಕೊಡು, ಕೈ ಕಿತ್ಕೋಬೇಡ" ಎಂದೂ ಹೇಳಿದೆ. ಅರ್ಧ ಗಂಟೆ ಆಯಿತು. ಮುಂದಿನ ರೋಗಿ ಕಾದರು.

ಏಪ್ರಿಲ್ 15, ಸೋಮವಾರ

ಶುಕ್ರವಾರ ಅತ್ತೆಯ ಬಲಗಣ್ಣಿನ ಆಪರೇಷನ್ ಆಯಿತು. ಇವತ್ತು ಮತ್ತೆ ತೋರಿಸಬೇಕಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಅವರನ್ನು ಕಾರಿಡಾರಿನ ಬೆಂಚಿನಲ್ಲಿ ಕೂರಿಸಿ ಪಕ್ಕದಲ್ಲೇ ನಿಂತಿದ್ದೆ. ಬೆಂಚು ತುಂಬ ಜನ, ಅರ್ಧ ನಮ್ಮ ಊರಿನವರೇ. ನೋಂದಣಿಯ ಹೊಸಬನೊಬ್ಬ ವರದಿಗಳ ಕಟ್ಟು ಹಿಡಿದು ಬಾಗಿಲಿಗೆ ಬಂದು ಒಂದೊಂದೇ ಹೆಸರು ಕೂಗತೊಡಗಿದ.

"ತಬುತಾನಿ!"

ವರದಿಯನ್ನು ನೇರವಾಗಿ ಡಾಕ್ಟರಿಗೆ ಕೊಡಬೇಕೆಂದು ಫಿಲೆಮೋನ್ ಹೇಳಿಟ್ಟಿದ್ದ. ಇವತ್ತು ಬೇರೆಯವನು ಕೌಂಟರಿನಲ್ಲಿದ್ದ.

"ತಬುತಾನಿ! ಸ್ಕೋಪ್ ರಿಪೋರ್ಟು. ತಬುತಾನಿ ಇದ್ದಾರಾ?"

ಎಲ್ಲರೂ ಅತ್ತಿತ್ತ ನೋಡಿದರು. ಕೈ ಚಾಚಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಚಾಚದಿದ್ದರೆ ಕಾಗದ ಕಟ್ಟಿನೊಳಗೆ ಮತ್ತೆ ಹೋಗುತ್ತದೆ. ಅವನು ಮೂರನೆಯ ಸಲ ಕೂಗಿದ. ನನ್ನ ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು.

ಅತ್ತೆ ಎದ್ದು ನಿಂತಿದ್ದರು. ಕೋಲು ಊರಿ, ಪಟ್ಟಿ ಕಟ್ಟಿದ ಮುಖ ಮೇಲೆತ್ತಿ, "ನಮ್ಮವಳು" ಎಂದರು. "ಕೊಡಪ್ಪ ಇಲ್ಲಿ."

"ರೋಗಿ ನೀವೇನಾ ಅಜ್ಜಿ?"

"ಹೂಂ. ನಾನೇ ಅಂದ್ಕೋ."

ಅವನು ಕಾಗದ ಅವರ ಕೈಗಿಟ್ಟ. ಬೆಂಚಿನವರು ಪಾಪ ಮುದುಕಿ ಎನ್ನುವ ಹಾಗೆ ನೋಡಿ ಸರಿದು ಜಾಗ ಮಾಡಿಕೊಟ್ಟರು. ಅತ್ತೆ ಕೂತು, ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಮುಖ ತಿರುಗಿಸದೆ ನನ್ನ ಅಂಗೈಗೆ ಒತ್ತಿದರು.

"ನಂಗೆ ಓದೋಕೆ ಬರಲ್ಲ. ಅವಳ ಕಾಗ್ದದಲ್ಲಿ ಏನು ಬರ್ದಿದಾರೆ ಅಂತ ಆಮೇಲೆ ಹೇಳು."

ಅಷ್ಟು ಹೊತ್ತಿಗೆ ನನಗೆ ಅಳು ಬಂದುಬಿಟ್ಟಿತು. ಅತ್ತೆಯ ಕಣ್ಣಿಗೆ ನೋವಾಗಿ ಅವರು ಅಳಬೇಕಿತ್ತು, ನಾನು ಅಳುತ್ತಿದ್ದೆ.

ಏಪ್ರಿಲ್ 16, ಮಂಗಳವಾರ

ನಿನ್ನೆ ಪೂರ್ತಿ ಬರೆಯಲಾಗಲಿಲ್ಲ, ಉಳಿದದ್ದು ಇವತ್ತು. ಕಾಗದವನ್ನು ನಾನು ಓದಲಿಲ್ಲ, ಡಾಕ್ಟರ್ ಮೇಜಿನ ಮೇಲೆ ಇಟ್ಟೆ. ಅವರು ಎರಡು ಸಲ ಓದಿ, ಕುರ್ಚಿಗೆ ಒರಗಿ, ಜೋರಾಗಿ ಉಸಿರು ಬಿಟ್ಟರು.

"ಕ್ಯಾನ್ಸರ್ ಅಲ್ಲ."

ನಾನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದೆ.

"ಸಿಸ್ಟರ್, ಕೇಳಿಸ್ತಾ? ಅಲ್ಲ. ಇದು ಹೊಟ್ಟೆಯ ಒಳಪದರ. ನೀವು ನಿಮ್ಮಮ್ಮನ ಗರ್ಭದಲ್ಲಿ ಬೆಳೀತಿದ್ದಾಗ ಒಂದು ಚೂರು ಕೆಳಗೆ ಹೋಗದೆ ಕತ್ತಲ್ಲೇ ಉಳ್ಕೊಂಡಿದೆ. ಎಲ್ಲಿದ್ದೀನಿ ಅಂತ ಅದಕ್ಕೇನು ಗೊತ್ತು? ಹೊಟ್ಟೆ ಮಾಡೋ ಕೆಲ್ಸಾನೇ ಅಲ್ಲಿ ಕೂತು ಮಾಡ್ತಿದೆ, ಆಮ್ಲ ಸುರಿಸ್ತಿದೆ. ಸುಟ್ಟು ಸುಟ್ಟು ಕೆಳಗೆ ಕಲೆ ಕಟ್ಟಿ ಬಿಗಿದಿದೆ. ಚಪ್ಪಟೆ ಮಚ್ಚೆ ಥರ ಇರೋದು ಆಗಾಗ ಕಾಣುತ್ತೆ. ಹೀಗೆ ಗಂಟು ಕಟ್ಟೋದು ಬಹಳ ಅಪರೂಪ, ನಾನು ನೋಡ್ತಿರೋದು ಇದೇ ಮೊದಲು."

"ಏನು ಮಾಡ್ಬೇಕು?"

"ಆಮ್ಲ ತಗ್ಗಿಸೋ ಮಾತ್ರೆ. ಎರಡು ಮೂರು ಸಲ ಹಿಗ್ಗಿಸೋಣ. ಗಂಟನ್ನ ಕುಯ್ಯದೆ ಸ್ಕೋಪ್ ಹಾಕೇ ತೆಗೀಬಹುದು. ಉಗಾಲಿ ತಿಂತೀರಿ, ಆಡು ತಿಂತೀರಿ." ಆಮೇಲೆ ಸ್ವಲ್ಪ ಸಿಟ್ಟಿನಿಂದಲೇ ಅಂದರು, "ಈ ಸೀಮೆಯವ್ರಿಗೆ ಗಂಟಲಿಗೆ ಒಂದೇ ಕಾಯಿಲೆ ಗೊತ್ತು. ನುಂಗೋಕಾಗ್ದೆ ಹೋದ್ರೆ ಗೋರಿ ತೋಡೋಕೆ ಶುರು. ಬೇರೆಯವ್ರನ್ನ ಬಿಡಿ, ನೀವೂ ಹಂಗೇ ಮಾಡ್ತೀರಲ್ಲ!"

ಫಿಲೆಮೋನ್ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ. ಒಳಗೆ ಬಂದು, "ಹಂಗಾದ್ರೆ ನಾಳೆಯಿಂದ ಗಂಜಿ ನೀವೇ ಮಾಡ್ಕೊಳ್ಳಿ" ಎಂದು ಹೇಳಿ, ಮುಖ ಆ ಕಡೆ ತಿರುಗಿಸಿಕೊಂಡ.

ಖುಷಿಯಾಗಬೇಕಿತ್ತು. ಆಯಿತು ಕೂಡ. ಹೆಜ್ರನ್‌ಗೆ ಫೋನಿನಲ್ಲೇ ಎಲ್ಲ ಹೇಳಿದೆ. ಲಾರಿ ನಿಲ್ಲಿಸಿ ರಸ್ತೆ ಬದಿಯಲ್ಲಿ ಅತ್ತರಂತೆ, ಆಮೇಲೆ ನಾಯಿಯ ವಿಷಯಕ್ಕೆ ಬೈದರಂತೆ. ಎರಡನ್ನೂ ಕ್ಲೀನರ್ ಹೇಳಿದ.

ಆದರೆ ಮನೆಗೆ ನಡೆದು ಬರುವಾಗ ಚಹಾ ತೋಟದ ತಿರುವಿನಲ್ಲಿ ಲೆಕ್ಕ ತಾನಾಗಿಯೇ ಹಾಕಿಕೊಂಡಿತು. ಹಾಲುಹಲ್ಲು ಬೀಳುವಾಗ ಅತ್ತೆಗೆ ಏಳು ವರ್ಷ. ಮದುವೆಯ ಮಾತು ಬಂದಾಗ ಹದಿನಾರು. ಒಂಬತ್ತು ವರ್ಷ. ನಾನು ನೋಡಿದ ಗಂಟಲ ರೋಗದವರಲ್ಲಿ ಔಷಧಿಯಿಲ್ಲದೆ ಎರಡು ವರ್ಷ ದಾಟಿದವರಿಲ್ಲ. ಒಂಬತ್ತು ವರ್ಷ ಯಾವ ಕ್ಯಾನ್ಸರೂ ಕಾಯುವುದಿಲ್ಲ.

ತಬುತಾನಿಯನ್ನು ಗಂಟಲು ಕೊಲ್ಲಲಿಲ್ಲ. ಹಾಲಿಲ್ಲದ ವರ್ಷ ಅವಳು ಆ ಗುಡಿಸಲಿನಲ್ಲಿ ಹಸಿದು ಸತ್ತಳು. ಮುದ್ದೆಯನ್ನು ನೆನೆಸಿ ಕಿವುಚಿ ಕೊಟ್ಟಿದ್ದರೆ ಇಳಿಯುತ್ತಿತ್ತೇನೋ. ಅವಳದೂ ಇದೇ ಗಂಟೋ, ಇನ್ನೇನೋ, ಮಣ್ಣಾದವಳನ್ನು ಈಗ ಯಾವ ಸ್ಕೋಪ್ ನೋಡುತ್ತದೆ? ಡಾಕ್ಟರನ್ನು ಕೇಳಿದರೆ, ವಂಶದಲ್ಲಿ ಬರುತ್ತದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು ಎಂದರು. ಆದರೆ ಆ ರೋಗವಲ್ಲ ಎಂದು ಮಾತ್ರ ನನಗೆ ಗಟ್ಟಿಯಾಗಿ ಗೊತ್ತು.

ಅತ್ತೆಗೆ, "ನಂದು ಆ ರೋಗ ಅಲ್ಲ" ಎಂದಷ್ಟೇ ಹೇಳಿದೆ. ಅವರು ನನ್ನ ಕತ್ತನ್ನು ಬಹಳ ಹೊತ್ತು ಸವರಿದರು. ಬುರುಡೆ ಇನ್ನೂ ಬಾಗಿಲ ಬಳಿಯ ಮೊಳೆಯಲ್ಲೇ ಇದೆ.

ಏಪ್ರಿಲ್ 24, ಬುಧವಾರ

ಮೊದಲ ಸಲ ಹಿಗ್ಗಿಸಿದರು. ನೋವು. ಸಂಜೆ ಮೆತ್ತಗಿನ ಅನ್ನ ಇಳಿಯಿತು.

ಮೇ 5, ಭಾನುವಾರ

ಅತ್ತೆಯ ಪಟ್ಟಿ ಬಿಚ್ಚಿ ಎರಡು ವಾರವಾಯಿತು. ಒಂದು ಕಣ್ಣಿನಲ್ಲಿ ಎಲ್ಲವೂ ಕಾಣುತ್ತದೆ. ಹೆಜ್ರನ್‌ಗೆ ವಯಸ್ಸಾಗಿದೆ ಎಂದೂ ಗೋಡೆಯಲ್ಲಿ ಬಿರುಕಿದೆ ಎಂದೂ ದಿನಕ್ಕೆ ಹತ್ತು ಸಲ ಹೇಳುತ್ತಾರೆ.

ಮಧ್ಯಾಹ್ನ ನಾವಿಬ್ಬರೇ ಇದ್ದೆವು. ಉಗಾಲಿ ಮಾಡಿದ್ದೆ. ಅತ್ತೆ ಎದುರಿಗೆ ಕೂತು ನನ್ನ ತಟ್ಟೆಯನ್ನೇ ನೋಡುತ್ತಿದ್ದರು.

"ಒಂದು ಮಾತು ಕೇಳ್ತೀನಿ. ಮನೆ ಮಗಳಾಗಿ ಹೇಳ್ಬೇಡ, ಆಸ್ಪತ್ರೆಯವಳಾಗಿ ಹೇಳು."

"ಕೇಳಿ ಅತ್ತೆ."

"ನಮ್ಮವ್ವಂದೂ ಇದೇನಾ?"

"ಅಲ್ಲ" ಎಂದೆ. "ಅವಳ್ದು ಗಂಟಲ ರೋಗಾನೇ."

"ಒಂಬತ್ತು ವರ್ಷ ಇದ್ಲಲ್ಲ."

"ಕೆಲವ್ರು ಇರ್ತಾರೆ ಅತ್ತೆ. ನಾನು ನೋಡಿದ್ದೀನಿ. ಜೀವ ಗಟ್ಟಿ ಇದ್ರೆ ಇರ್ತಾರೆ."

"ಅವತ್ತು ಆ ತುತ್ತು ಕೊಟ್ಟಿದ್ರೆ?"

"ಸಿಕ್ಕಾಕ್ಕೊಂಡು ನಿಮ್ಮ ಕಣ್ಮುಂದೇನೇ ಹೋಗ್ಬಿಡ್ತಿದ್ಲು. ನೀವು ಕೊಡದೆ ಇದ್ದಿದ್ದಕ್ಕೇ ಅಷ್ಟು ವರ್ಷ ಬದುಕಿದ್ಲು."

ಅತ್ತೆ ಹೊಸ ಕಣ್ಣಿನಿಂದ ನನ್ನ ಮುಖ ನೋಡಿದರು. ನಾನು ದವಡೆ ಬಿಗಿದುಕೊಂಡೆ. ಉಗಾಲಿಯ ಹಬೆ ನಿಂತುಹೋಗಿತ್ತು.

"ಹೂಂ" ಎಂದರು ಕೊನೆಗೆ. "ಗಟ್ಟಿ ಜೀವಾನೇ ಅವಳ್ದು."

ಎದ್ದು ಹೋಗಿ ಬಾಗಿಲ ಬಳಿಯ ಮೊಳೆಯಿಂದ ನನ್ನ ಬುರುಡೆ ತೆಗೆದು ಒಲೆಯ ಹಿಂದಿನ ಸಾಲಿನಲ್ಲಿ, ಅವರ ಬುರುಡೆಯ ಪಕ್ಕದಲ್ಲಿ ಹಾಕಿದರು. ವಾಪಸು ಬಂದು ಕೂತು ತಮ್ಮ ತಟ್ಟೆಯ ಉಗಾಲಿಯಲ್ಲಿ ಒಂದು ತುತ್ತು ಮುರಿದು, ಉಂಡೆ ಕಟ್ಟಿ, ಹೆಬ್ಬೆಟ್ಟಿನಿಂದ ನಡುವೆ ಒತ್ತಿ ನನ್ನ ಬಾಯಿಯ ಹತ್ತಿರ ಹಿಡಿದರು.

"ತಿನ್ನವ್ವ" ಎಂದರು. ನನ್ನನ್ನು ಅವರು ಎಂದೂ ಅವ್ವ ಎಂದು ಕರೆದವರಲ್ಲ. "ಉಗುಳ್ಬೇಡ. ನುಂಗು."

ಅಗಿದು ಅಗಿದು ನುಂಗಿದೆ. ಅದು ಇಳಿದು ಹೋಗುವವರೆಗೂ ಅವರು ನನ್ನ ಗಂಟಲಿನಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಅತ್ತರು. ಆಪರೇಷನ್ ಆದ ಕಣ್ಣು, ಅಳಬೇಡಿ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಹೇಳಲಿಲ್ಲ.

ನಾಳೆ ಏಳು ಜನರಿಗೆ ಸ್ಕೋಪ್ ಇದೆ.